ಗಾನವೃಂದದ ಹೊಸ ಉಪಾಧ್ಯಾಯಿನಿಯೂ ಭದ್ರಾವತಿಯ ತಂದೆತಾಯಿಗಳೂ

ಶಾಲೆಯೊಂದರಲ್ಲಿ ಸಮೂಹಗಾನವನ್ನು ಕಲಿಸಲೆಂದು ಜೂನ್ ತಿಂಗಳಲ್ಲಿ ಹೊಸದಾಗಿ ನಿಯುಕ್ತಳಾದ ಉಪಾಧ್ಯಾಯಿನಿಗೆ ಮುಖ್ಯೋಪಾಧ್ಯಾಯರು ಒಪ್ಪಿಸುವ ಸಾಮಗ್ರಿ ಬಹಳವಿರುವುದಿಲ್ಲ: ಎರಡು ಮೂರು ಮನೆಗಳು ದನಿ ಕಳೆದುಕೊಂಡಿರುವ ಒಂದು ಹಾರ್ಮೋನಿಯಂ, ಒಂದು ಹಾಜರಿ ಪುಸ್ತಕ, ವಾರಕ್ಕೆ ಎರಡು ಅವಧಿ, ಮತ್ತು ನವೆಂಬರಿನ ರಾಜ್ಯೋತ್ಸವಕ್ಕೂ ಅದರ ಬೆನ್ನಿಗೇ ಬರುವ ವಾರ್ಷಿಕೋತ್ಸವಕ್ಕೂ ಹಾಡುಗಳು ಸಿದ್ಧವಾಗಿರಬೇಕೆಂಬ ಒಂದು ಆಜ್ಞೆ. ಇವುಗಳ ಜೊತೆಯಲ್ಲಿ, ಯಾವ ಪಟ್ಟಿಯಲ್ಲಿಯೂ ನಮೂದಾಗದೆ, ಇನ್ನೊಂದು ವೃಂದವೂ ಆಕೆಯ ಪಾಲಿಗೆ ಬರುತ್ತದೆ. ಅದು ಆ ಮಕ್ಕಳ ತಂದೆತಾಯಿಗಳದು. ಸರಳೆ, ಜಂಟಿವರಸೆಗಳನ್ನು ಕಲಿಸತಕ್ಕ ಕ್ರಮವನ್ನು ಆಕೆಗೆ ಗುರುಗಳು ತಿಳಿಸಿರುತ್ತಾರೆ. ಪಾಠಯೋಜನೆಯನ್ನು ಬರೆಯುವ ವಿಧಾನವನ್ನು ತರಬೇತಿಯ ಕಾಲೇಜು ಕಲಿಸಿರುತ್ತದೆ. ಆದರೆ ಮಕ್ಕಳ ಮನೆಯವರಿಗೆ ಏನನ್ನು, ಯಾವಾಗ, ಯಾವ ಮಾತಿನಲ್ಲಿ ಹೇಳಬೇಕೆಂಬುದನ್ನು ಮೊದಲೇ ಹೇಳಿಕೊಡುವವರು ವಿರಳ. ನನ್ನ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುವುದು ಮೇಲು: ಮಕ್ಕಳಿಗೆ ಕೂಡಿ ಹಾಡುವುದನ್ನು ಕಲಿಸುವುದಕ್ಕಿಂತಲೂ, ಆ ಕೂಡಿದ ಹಾಡನ್ನು ಕೇಳುವ ಬಗೆಯನ್ನು ಮನೆಯವರಿಗೆ ಕಲಿಸುವುದು ಕಠಿನತರವಾದ ಕಾರ್ಯ; ಆಕೆ ಬರೆಯುವ ಚೀಟಿ, ಕರೆಯುವ ಸಭೆ, ಬಾಗಿಲಲ್ಲಿ ನಿಂತು ಆಡುವ ಎರಡು ಮಾತು, ಇವೆಲ್ಲವೂ ಕಡೆಗೆ ಆ ಒಂದು ಕಾರ್ಯದ ಅಂಗಗಳೇ ಆಗಬೇಕು.

ಈ ವಿಚಾರಕ್ಕೆ ಭದ್ರಾವತಿಯಷ್ಟು ಒಳ್ಳೆಯ ಪರೀಕ್ಷಾಭೂಮಿ ಬೇರೊಂದು ದೊರೆಯಲಾರದು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹನ ಗುಡಿಯನ್ನು ಸುತ್ತುವರಿದು, ಬೆಂಕಿಪುರವೆಂಬ ಹೆಸರಿನಿಂದ ಭದ್ರಾನದಿಯ ದಡದಲ್ಲಿದ್ದ ಒಂದು ಸಣ್ಣ ಊರು, 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡ ಮೇಲೆ, ಮತ್ತು ಮುಂದಿನ ದಶಕದಲ್ಲಿ ಕಾಗದದ ಕಾರ್ಖಾನೆಯೂ ತಲೆಯೆತ್ತಿದ ಮೇಲೆ, ತನ್ನ ರೂಪವನ್ನೇ ಬದಲಿಸಿಕೊಂಡಿತು. ಕೆಲಸವನ್ನು ಅರಸಿ ಬಂದವರು ತಮ್ಮ ತಮ್ಮ ಭಾಷೆಗಳನ್ನೂ ದೇವರುಗಳನ್ನೂ ಹಾಡುಗಳನ್ನೂ ಕೂಡ ತಂದರು. ನ್ಯೂಟೌನಿನ ಒಂದು ತರಗತಿಯಲ್ಲಿ ಇಂದಿಗೂ ಮನೆಯಲ್ಲಿ ತಮಿಳಾಡುವ, ತೆಲುಗಾಡುವ, ಉರ್ದುವಾಡುವ, ಮಲಯಾಳವಾಡುವ, ಲಂಬಾಣಿಯಾಡುವ ಮಕ್ಕಳು ಕನ್ನಡದ ಮಕ್ಕಳ ಪಕ್ಕದಲ್ಲಿಯೇ ಕುಳಿತಿರುತ್ತಾರೆ. ಕಾಗದದ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತುವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023ರ ಆರಂಭದಲ್ಲಿ ಪ್ರಕಟವಾಗಿ, ಗುತ್ತಿಗೆಯ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತರು. ಅಪ್ಪಂದಿರ ಶಿಫ್ಟಿನ ಮೇಲೆ ನಡೆಯುತ್ತಿದ್ದ ಮನೆಗಳಲ್ಲಿ ಎಷ್ಟೋ ಈಗ, ಶಿವಮೊಗ್ಗೆಯ ದಾರಿಯಲ್ಲಿರುವ ಮಾಚೇನಹಳ್ಳಿಯ ಗಾರ್ಮೆಂಟ್ಸಿಗೆ ಬಸ್ಸು ಹತ್ತುವ ಅಮ್ಮಂದಿರ ದುಡಿಮೆಯ ಮೇಲೆ ನಡೆಯುತ್ತಿವೆ. ‘ಸಂಜೆ ನಾಲ್ಕೂವರೆಗೆ ಅಭ್ಯಾಸವಿದೆ, ಮಗುವನ್ನು ಕರೆದೊಯ್ಯಲು ಆರು ಗಂಟೆಗೆ ಬನ್ನಿರಿ’ ಎಂದು ಒಂದು ಚೀಟಿಯನ್ನು ಕಳುಹಿಸುವ ಉಪಾಧ್ಯಾಯಿನಿ, ಆ ಆರು ಗಂಟೆಗೆ ಯಾರು ಎಲ್ಲಿರುತ್ತಾರೆಂಬುದನ್ನು ತಿಳಿಯದಿದ್ದರೆ, ಉತ್ತರ ಬಾರದಿರುವುದನ್ನು ಉದಾಸೀನವೆಂದು ಅರ್ಥಮಾಡಿಕೊಂಡು ವೃಥಾ ನೊಂದುಕೊಳ್ಳುವಳು.

ಇಂಥ ಊರಿನಲ್ಲಿ ಹಾಡೆಂಬುದು ಮನೆಗಳಿಗೆ ಅಪರಿಚಿತವಾದ ವಸ್ತುವೇನೂ ಅಲ್ಲ. ಭದ್ರಾವತಿಯ ಆಕಾಶವಾಣಿ 1965ರಿಂದ ಮಲೆನಾಡಿನ ಮನೆಗಳಲ್ಲಿ ಬೆಳಗಿನ ಕಾಫಿಯ ಜೊತೆಗಾರನಾಗಿದೆ; ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿ, ವಕೀಲರಾಗಿದ್ದುಕೊಂಡೇ ಹಾಡಿ, ಕನ್ನಡದ ಹಿನ್ನೆಲೆ ಗಾಯಕರಲ್ಲಿ ಮೊದಲಿಗರಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆದ ಶಿವಮೊಗ್ಗ ಸುಬ್ಬಣ್ಣನವರ ಹೆಸರನ್ನು ಕೇಳದ ತಂದೆಯಿಲ್ಲ; ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ ನಿಸಾರ್ ಅಹಮದರ ‘ನಿತ್ಯೋತ್ಸವ’ 1978ರಲ್ಲಿ ಧ್ವನಿಸುರುಳಿಯಾಗಿ ಬಂದಾಗ ಅದು ಶಿವಮೊಗ್ಗ ಸೀಮೆಯ ಸ್ವಂತ ಸೊತ್ತೆಂಬಂತೆ ಮನೆಮನೆಯಲ್ಲಿ ಮೊಳಗಿತು. ಆದರೆ ಈ ಸಂಪತ್ತೆಲ್ಲವೂ ಮುಖ್ಯವಾಗಿ ಏಕಕಂಠದ ಸಂಪತ್ತು. ಕಚೇರಿಯೆಂದರೆ ಒಬ್ಬರದು, ಭಾವಗೀತೆಯೆಂದರೆ ಒಬ್ಬರದು, ದೂರದರ್ಶನದ ಸ್ಪರ್ಧೆಯಲ್ಲಿ ಮಗುವಿನ ಮುಖವನ್ನು ತುಂಬುಪರದೆಯಲ್ಲಿ ತೋರಿಸಿ, ತಾಯಿಯ ಕಣ್ಣೀರನ್ನು ಅದರ ಬೆನ್ನಿಗೇ ತೋರಿಸುವ ಏರ್ಪಾಡೂ ಒಬ್ಬರದೇ. ಸಂಗೀತವೆಂದರೆ ಒಂದು ಕಂಠವು ಮಿಕ್ಕ ಕಂಠಗಳಿಂದ ಬೇರೆಯಾಗಿ ಎದ್ದು ಕಾಣುವುದೆಂಬ ಸಂಸ್ಕಾರದಲ್ಲಿ ಬೆಳೆದ ತಾಯಿ, ವಾರ್ಷಿಕೋತ್ಸವದ ದಿನ ನಲವತ್ತು ಮಕ್ಕಳ ನಡುವೆ ಮೂರನೆಯ ಸಾಲಿನಲ್ಲಿ ನಿಂತ ತನ್ನ ಮಗಳನ್ನು ಕಣ್ಣಿನಿಂದ ಕಂಡು ಹಿಡಿಯುವಳಲ್ಲದೆ ಕಿವಿಯಿಂದ ಕಂಡು ಹಿಡಿಯಲಾರಳು. ಮಾರನೆಯ ದಿನ ಗೇಟಿನ ಬಳಿ ಆಕೆ, ‘ಎಲ್ಲಾ ಚೆನ್ನಾಗಿತ್ತು ಮಿಸ್, ಆದ್ರೆ ನಮ್ಮ ಹುಡುಗಿ ದನಿ ಕೇಳ್ಸಲೇ ಇಲ್ಲ’ ಎಂದರೆ ಅದು ದೂರೂ ಹೌದು, ದುಃಖವೂ ಹೌದು. ಆಕೆಗೆ ಕೇಳಿಸದಿದ್ದುದೇ ಉಪಾಧ್ಯಾಯಿನಿಯ ಆರು ತಿಂಗಳ ಶ್ರಮದ ಫಲವೆಂಬುದನ್ನು ಆಗ ಹೇಳಹೊರಟರೆ ಅದು ಸಮಜಾಯಿಷಿಯಂತೆ ತೋರುತ್ತದೆ. ಜೂನಿನಲ್ಲಿಯೇ ಹೇಳಿದ್ದಿದ್ದರೆ ಅದು ಪಾಠವಾಗುತ್ತಿತ್ತು.

ಹಾಗೆ ನೋಡಿದರೆ, ಕೂಡಿ ಹಾಡುವ ಸಂಪ್ರದಾಯ ಮಲೆನಾಡಿಗೆ ಹೊರಗಿನಿಂದ ಬರಬೇಕಾದುದಲ್ಲ. ತೀರ್ಥಹಳ್ಳಿ, ಸಾಗರ, ಹೊಸನಗರಗಳ ಕಡೆ ದೀಪಾವಳಿಯ ರಾತ್ರಿಗಳಲ್ಲಿ ದೀಪವನ್ನು ಹೊತ್ತು ಮನೆಯಿಂದ ಮನೆಗೆ ನಡೆದು ಹಾಡುವ ಅಂಟಿಗೆ ಪಂಟಿಗೆಯವರಲ್ಲಿ, ಮುಮ್ಮೇಳದವರು ಎತ್ತಿದ ಸಾಲನ್ನು ಹಿಮ್ಮೇಳದವರು ಹಿಡಿದು ಮುಂದಕ್ಕೆ ಒಯ್ಯುವಾಗ, ಯಾರ ದನಿ ಯಾವುದೆಂದು ಹೊಸ್ತಿಲಲ್ಲಿ ನಿಂತ ಮನೆಯೊಡತಿ ಎಂದೂ ಕೇಳಿದವಳಲ್ಲ. ಹಾಡು ಬಂತು, ದೀಪ ಬಂತು, ಎಣ್ಣೆ ಎರೆದಳು, ಅಷ್ಟೆ. ಭಜನೆಯ ಮಂಡಲಿಯಲ್ಲಿ, ಸೋಬಾನೆಯ ಹೆಂಗಸರಲ್ಲಿ, ಮಸೀದಿಯ ಬೀದಿಯಲ್ಲಿ ನಾತ್ ಹಾಡುವ ಹುಡುಗರಲ್ಲಿ, ಚರ್ಚಿನ ಗಾಯಕವೃಂದದಲ್ಲಿ, ಇದೇ ನ್ಯಾಯ. ಆದುದರಿಂದ ಹೊಸ ಉಪಾಧ್ಯಾಯಿನಿ, ಪಾಶ್ಚಾತ್ಯರ ನಾಲ್ಕು ಧ್ವನಿಗಳ ಗಾನವಿಧಾನವನ್ನು ವರ್ಣಿಸಿ ಮೊದಲ ಸಭೆಯಲ್ಲಿಯೇ ಮನೆಯವರನ್ನು ಬೆದರಿಸುವುದಕ್ಕೆ ಬದಲಾಗಿ, ಅವರವರ ಮನೆಯಲ್ಲಿ ಅಜ್ಜ ಅಜ್ಜಿಯರು ಯಾವ ಹಾಡನ್ನು ಕೂಡಿ ಹಾಡುತ್ತಿದ್ದರೆಂದು ವಿಚಾರಿಸುವುದು ಒಳ್ಳೆಯದು. ಆ ಒಂದು ಪ್ರಶ್ನೆಗೆ ಬರುವ ಉತ್ತರಗಳಿಂದ, ಯಾವ ಮನೆಯಲ್ಲಿ ಹಾಡಿದೆ, ಯಾವ ಮನೆಯಲ್ಲಿ ಹಾಡಿನ ವಿಷಯದಲ್ಲಿ ಸಂಕೋಚವಿದೆ, ಯಾವ ಮನೆಯಲ್ಲಿ ಅದು ನಿಷಿದ್ಧವೆಂದೇ ಎಣಿಕೆಯಾಗಿದೆ ಎಂಬುದೆಲ್ಲವೂ ಆಕೆಗೆ ತಿಳಿದುಬರುವುದು.

ಸಭೆಯಲ್ಲಿ ಮಾತಿಗಿಂತಲೂ ಒಂದು ಸಣ್ಣ ಪ್ರಯೋಗ ಹೆಚ್ಚಿನ ಕೆಲಸವನ್ನು ಮಾಡುತ್ತದೆ. ಹತ್ತು ಮಕ್ಕಳನ್ನು ನಿಲ್ಲಿಸಿ, ಮನೆಯವರಿಗೆ ಪರಿಚಿತವಾದ ಯಾವುದಾದರೊಂದು ಸಾಲನ್ನು ಮೊದಲು ಪ್ರತಿಯೊಬ್ಬರೂ ತಮ್ಮ ದನಿ ಮೇಲೆದ್ದು ಕೇಳುವಂತೆ ಹಾಡಬೇಕೆಂದು ಹೇಳುವುದು. ಬಳಿಕ ಅದೇ ಸಾಲನ್ನು, ಪಕ್ಕದವರ ದನಿ ತನಗೆ ಕೇಳಿಸುವಷ್ಟು ಮಾತ್ರ ತನ್ನ ದನಿಯನ್ನು ತಗ್ಗಿಸಿ ಹಾಡಬೇಕೆಂದು ಹೇಳುವುದು. ಮೊದಲನೆಯದು ಸಂತೆ, ಎರಡನೆಯದು ಸಂಗೀತ. ಶ್ರುತಿಜ್ಞಾನವಿಲ್ಲದ ಕಿವಿಗೂ ಈ ಭೇದ ಗೋಚರವಾಗದೆ ಇರದು. ಅದರ ಜೊತೆಯಲ್ಲಿಯೇ ಉಸಿರಿನ ಮರ್ಮವನ್ನೂ ತಿಳಿಸಬಹುದು. ದೀರ್ಘವಾದ ಒಂದು ಸ್ವರವನ್ನು ನಲವತ್ತು ಮಕ್ಕಳು ಕಡಿಯದೆ ಹಿಡಿದಂತೆ ಕೇಳಿಸಿದರೆ, ಅದು ನಲವತ್ತು ಮಕ್ಕಳಿಗೂ ಅಷ್ಟು ದೀರ್ಘವಾದ ಉಸಿರಿದೆಯೆಂದಲ್ಲ. ಒಬ್ಬೊಬ್ಬರು ಒಂದೊಂದು ಕ್ಷಣದಲ್ಲಿ ಸದ್ದಿಲ್ಲದೆ ನಿಲ್ಲಿಸಿ, ಉಸಿರೆಳೆದುಕೊಂಡು, ಮತ್ತೆ ಮೆಲ್ಲನೆ ಸೇರಿಕೊಳ್ಳುತ್ತಾರೆ. ಈ ಗುಟ್ಟನ್ನರಿಯದ ತಂದೆ, ತನ್ನ ಮಗ ನಡುವೆ ಬಾಯಿ ಮುಚ್ಚಿದುದನ್ನು ಮೊಬೈಲಿನ ಚಿತ್ರದಲ್ಲಿ ಕಂಡು, ಹುಡುಗ ಸಾಲನ್ನು ಮರೆತನೆಂದು ಮನೆಯಲ್ಲಿ ಗದರಿಸುವುದುಂಟು. ಅರಿತವನಾದರೋ ಆ ಮೌನವನ್ನೇ ಹುಡುಕಿ ನೋಡಿ ಸಂತೋಷಪಡುವನು.

ಇನ್ನು ಮೊದಲ ಪತ್ರದ ವಿಷಯ. ಅದು ಒಂದು ಪುಟವನ್ನು ಮೀರತಕ್ಕುದಲ್ಲ. ಅದರಲ್ಲಿ ಸಂಗೀತದ ಮಹಿಮೆಯನ್ನು ಕೊಂಡಾಡುವ ಪೀಠಿಕೆ ಸರ್ವಥಾ ಬೇಡ. ಅಭ್ಯಾಸ ಯಾವ ದಿನ, ಎಷ್ಟು ಹೊತ್ತಿನವರೆಗೆ, ಮುಗಿದ ಮೇಲೆ ಮಗುವನ್ನು ಯಾರ ಕೈಗೆ ಒಪ್ಪಿಸಲಾಗುವುದು, ವರ್ಷದಲ್ಲಿ ಯಾವ ಯಾವ ದಿನ ವೇದಿಕೆಯ ಮೇಲೆ ಹಾಡಬೇಕಾಗುವುದು, ಖರ್ಚುಂಟೆ, ಇಲ್ಲವೆ, ಉಪಾಧ್ಯಾಯಿನಿಯನ್ನು ಯಾವ ಹೊತ್ತಿನಲ್ಲಿ ಕಾಣಬಹುದು: ತಂದೆತಾಯಿಗಳು ಕೇಳಲಿರುವ ಪ್ರಶ್ನೆಗಳು ಸಾಮಾನ್ಯವಾಗಿ ಇಷ್ಟೆ, ಕೇಳುವ ಮುನ್ನವೇ ಉತ್ತರ ಕೈಸೇರಿದರೆ ಅರ್ಧದಷ್ಟು ಮನಸ್ತಾಪಗಳು ಹುಟ್ಟುವುದೇ ಇಲ್ಲ. ದಿನಗಳನ್ನು ಗೊತ್ತುಮಾಡುವಾಗ ಊರಿನ ಪಂಚಾಂಗವನ್ನು ನೋಡಿಕೊಳ್ಳಬೇಕು. ಭದ್ರಾ ನಾಲೆಯ ಅಚ್ಚುಕಟ್ಟಿನ ಹಳ್ಳಿಗಳಿಂದ ಬರುವ ಮಕ್ಕಳ ಮನೆಗಳಲ್ಲಿ ದಸರೆಯಿಂದ ಸಂಕ್ರಾಂತಿಯವರೆಗೆ ಅಡಿಕೆಯ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು, ಮತ್ತು ಬತ್ತದ ಸುಗ್ಗಿ ಒಂದರ ಮೇಲೊಂದು ಬೀಳುತ್ತವೆ; ರಾಜ್ಯೋತ್ಸವ, ವಾರ್ಷಿಕೋತ್ಸವಗಳ ಹೆಚ್ಚಿನ ಅಭ್ಯಾಸಗಳು ಬೀಳುವುದೂ ಆ ತಿಂಗಳುಗಳಲ್ಲಿಯೇ. ಭಾನುವಾರದ ಅಭ್ಯಾಸಕ್ಕೆ ಹುಡುಗ ಬರಲಿಲ್ಲವೆಂದರೆ ಅವನು ಅಡಿಕೆ ಸುಲಿಯುವವರಿಗೆ ಚಹಾ ಒಯ್ಯುತ್ತಿರಬಹುದು. ಅಗಸ್ಟಿನಲ್ಲಿಯೇ ಹಾಡುಗಳನ್ನು ಕಂಠಸ್ಥ ಮಾಡಿಸಿ, ನವೆಂಬರಿನಲ್ಲಿ ಭಾನುವಾರಗಳನ್ನು ಬೇಡದೆ ಬಿಡುವ ಉಪಾಧ್ಯಾಯಿನಿಯನ್ನು ಹಳ್ಳಿಯ ಮನೆಗಳು ನೆನಪಿಟ್ಟುಕೊಳ್ಳುತ್ತವೆ.

ಖರ್ಚಿನ ಮಾತಿಗೆ ಬಂದರೆ, ಸಮೂಹಗಾನಕ್ಕೆ ಬಾಡಿಗೆಯ ರೇಷ್ಮೆಯುಡುಪು ಏತಕ್ಕೆಂಬುದು ನನಗೆ ಈವರೆಗೂ ಅರ್ಥವಾಗಿಲ್ಲ. ಇಸ್ತ್ರಿ ಮಾಡಿದ ಸಮವಸ್ತ್ರಕ್ಕಿಂತ ಚೆಲುವಾದ ಉಡುಪು ಮಕ್ಕಳಿಗೆ ಬೇರೊಂದಿಲ್ಲ. ಅದು ಎಲ್ಲರ ಮನೆಯಲ್ಲಿಯೂ ಇದೆ. ಡ್ರೆಸ್ಸಿನ ಬಾಡಿಗೆಗೆ ಹಣವಿಲ್ಲದ ಮನೆ ಆ ಮಾತನ್ನು ಬಾಯಿಬಿಟ್ಟು ಹೇಳದು. ಮಗುವಿಗೆ ಅಂದು ಜ್ವರ ಬಂತೆಂದು ಹೇಳಿಕಳುಹಿಸುವುದು. ವೆಚ್ಚ ಅನಿವಾರ್ಯವಾದ ಪಕ್ಷದಲ್ಲಿ, ಸರಕಾರಿ ಶಾಲೆಯಾದರೆ ಅದಕ್ಕೆಂದೇ ಒಂದು ವೇದಿಕೆಯುಂಟು: 2001ರಲ್ಲಿ ನಮ್ಮ ರಾಜ್ಯದಲ್ಲಿ ರೂಪುಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಎಂದರೆ ಎಲ್ಲರೂ ಎಸ್‌ಡಿಎಂಸಿ ಎಂದು ಕರೆಯುವ ಸಭೆ, ಬಹುಮಟ್ಟಿಗೆ ತಂದೆತಾಯಿಗಳದ್ದೇ ಆಗಿದೆ. ಹಣದ ಮಾತು ಅಲ್ಲಿ ಮೊದಲು ನಡೆದು, ಮನೆಗಳಿಗೆ ಆಮೇಲೆ ತಲಪಿದರೆ ಉಪಾಧ್ಯಾಯಿನಿಯ ಮೇಲೆ ಸಂದೇಹದ ನೆರಳು ಬೀಳುವುದಿಲ್ಲ.

ಪತ್ರದ ಜೊತೆಯಲ್ಲಿ ಹಾಡುಗಳ ಸಾಹಿತ್ಯವೂ ಮನೆಗೆ ಹೋಗಬೇಕೆಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಇದರಲ್ಲಿ ಎರಡು ಪ್ರಯೋಜನಗಳಿವೆ. ಕನ್ನಡವನ್ನು ಓದಲಾರದ ತಾಯಿಗೆ ಮಗುವೇ ಅದನ್ನು ಓದಿ ಅರ್ಥ ಹೇಳುವುದರಿಂದ ಹಾಡು ಮನೆಯ ಮಾತಾಗುತ್ತದೆಂಬುದು ಒಂದು. ಇನ್ನೊಂದು ಇದಕ್ಕಿಂತ ಗಹನವಾದುದು. ನಮ್ಮ ಹಾಡುಗಳಲ್ಲಿ ಬಹುಪಾಲು ದೇವರನ್ನು ಕುರಿತವು. ನಾಡನ್ನು ಕುರಿತ ಹಾಡಿನಲ್ಲಿಯೂ ನಾಡು ದೇವಿಯಾಗಿ ಬರುವಳು. ಒಂದು ಮನೆಗೆ ಇದು ಸಹಜ, ಇನ್ನೊಂದು ಮನೆಗೆ ಅಂತಃಕರಣದ ಪ್ರಶ್ನೆ. ನಮ್ಮ ಸಂವಿಧಾನದ 28ನೆಯ ಅನುಚ್ಛೇದವು, ಸರಕಾರದ ಮನ್ನಣೆಯನ್ನಾಗಲಿ ಸಹಾಯವನ್ನಾಗಲಿ ಪಡೆದ ಶಾಲೆಯಲ್ಲಿ ನಡೆಯುವ ಧಾರ್ಮಿಕ ಬೋಧನೆ ಅಥವಾ ಉಪಾಸನೆಗಳಲ್ಲಿ, ಅಪ್ರಾಪ್ತ ವಯಸ್ಕನಾದ ವಿದ್ಯಾರ್ಥಿಯು ಅವನ ಪೋಷಕರ ಸಮ್ಮತಿಯಿಲ್ಲದೆ ಭಾಗವಹಿಸಬೇಕೆಂದು ವಿಧಿಸಲಾಗದೆಂದು ಹೇಳುತ್ತದೆ. ಒಂದು ಭಜನೆ ಉಪಾಸನೆಯೋ ಕಲೆಯೋ ಎಂಬ ಜಿಜ್ಞಾಸೆಯನ್ನು ಪಂಡಿತರು ನಡೆಸಲಿ. ಉಪಾಧ್ಯಾಯಿನಿಗೆ ಬೇಕಾದುದು, ಮನೆಯವರು ಆ ಸಾಹಿತ್ಯವನ್ನು ಮೊದಲ ಸಲ ವೇದಿಕೆಯ ಮೇಲೆ ಕೇಳುವಂತಾಗಬಾರದೆಂಬ ಎಚ್ಚರ ಮಾತ್ರ.

ನೆರೆಯ ಕೇರಳದಲ್ಲಿ 1985ರಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ನೆನೆಯಬಹುದು. ಯೆಹೋವನ ಸಾಕ್ಷಿಗಳೆಂಬ ಪಂಗಡಕ್ಕೆ ಸೇರಿದ, ಒಂದೇ ಮನೆಯ ಮೂವರು ಮಕ್ಕಳು, ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಅವರ ಶ್ರದ್ಧೆ ಅದಕ್ಕೆ ಅವಕಾಶವೀಯುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ತಂದೆ ಉಚ್ಚ ನ್ಯಾಯಾಲಯದಲ್ಲಿ ಸೋತು ದೆಹಲಿಯವರೆಗೆ ಹೋದರು. 1986ರ ಅಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಮುಂದೆ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ ಕನ್ನಡಿಗರಿಗೆ ಪರಿಚಿತರಾದ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ಲೇಖನಿಯಿಂದ, ಮಕ್ಕಳ ಪರವಾಗಿ ತೀರ್ಪು ನೀಡಿತು. ಎದ್ದು ನಿಂತುದರಲ್ಲಿಯೇ ಗೌರವವಿದೆ, ಹಾಡದಿರುವುದು ಅಗೌರವವಲ್ಲವೆಂಬುದು ಅದರ ಸಾರ. ಸಮೂಹಗಾನದ ಅಧ್ಯಾಪಕರಿಗೆ ಈ ತೀರ್ಪಿನಷ್ಟು ಹತ್ತಿರವಾದ ತೀರ್ಪು ನಮ್ಮ ನ್ಯಾಯಶಾಸ್ತ್ರದಲ್ಲಿ ಬೇರೊಂದಿಲ್ಲವೆಂದು ನಾನು ಭಾವಿಸುತ್ತೇನೆ. ಒಂದು ಮನೆಯವರು ಬಂದು, ‘ಈ ಒಂದು ಹಾಡಿನಲ್ಲಿ ನಮ್ಮ ಮಗಳು ಬೇಡ’ ಎಂದರೆ, ಕಾರಣವನ್ನು ಕೆದಕದೆ, ‘ಆಗಲಿ, ಮಿಕ್ಕ ನಾಲ್ಕರಲ್ಲಿ ಇರುತ್ತಾಳಲ್ಲ’ ಎನ್ನುವುದು ಸಾಕು. ಆ ಹುಡುಗಿಯನ್ನು ಆ ಹಾಡಿನ ಹೊತ್ತಿಗೆ ಒಂಟಿಯಾಗಿ ಮೂಲೆಯಲ್ಲಿ ನಿಲ್ಲಿಸದೆ, ಶ್ರುತಿಪೆಟ್ಟಿಗೆಯನ್ನು ನೋಡಿಕೊಳ್ಳುವುದಕ್ಕೋ ಪುಟ ತಿರುವುವುದಕ್ಕೋ ನಿಯಮಿಸುವುದು ಉಪಾಧ್ಯಾಯಿನಿಯ ದಾಕ್ಷಿಣ್ಯಕ್ಕೆ ಬಿಟ್ಟ ವಿಷಯ. ಅದೇ ವೇಳೆಯಲ್ಲಿ, ವರ್ಷದ ಐದು ಹಾಡುಗಳೂ ಒಂದೇ ಮನೆಯ ದೇವರಿಗೆ ಸಲ್ಲುವುವಾದರೆ, ತಪ್ಪು ಬೇಡವೆಂದ ಮನೆಯದಲ್ಲವೆಂಬುದನ್ನೂ ಆಕೆ ನೆನೆಯಬೇಕು. ಊರಿನಲ್ಲಿ ಆರು ಭಾಷೆಗಳಿರುವಾಗ ಒಂದು ತಮಿಳಿನ ಲಾಲಿಯನ್ನೂ ಒಂದು ಲಂಬಾಣಿಯ ಪದವನ್ನೂ, ಆಯಾ ಮನೆಯ ಅಜ್ಜಿಯಿಂದಲೇ ಉಚ್ಚಾರವನ್ನು ಕೇಳಿ ಕಲಿತು, ಸೇರಿಸಿಕೊಳ್ಳುವುದಕ್ಕೆ ಅಡ್ಡಿಯೇನಿದೆ? ಶಾಲೆಗೆ ಎಂದೂ ಬಾರದ ಅಜ್ಜಿಯೊಬ್ಬಳು ಗುರುವಾಗಿ ಬಂದಂತಾಯಿತು.

ನಾಡಗೀತೆಯ ವಿಷಯದಲ್ಲಿ ಒಂದು ಸಣ್ಣ ಮಾತು. ಈ ಜಿಲ್ಲೆಯ ಕುಪ್ಪಳಿಯಲ್ಲಿ ಬೆಳೆದ ಕವಿಯ ಗೀತೆ 2004ರಲ್ಲಿ ನಾಡಗೀತೆಯೆಂದು ಘೋಷಿತವಾದ ಬಳಿಕ ಅದರ ಧಾಟಿಯ ಬಗ್ಗೆ ಬಹುಕಾಲ ವಾದವಿತ್ತು; ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದಲ್ಲಿ ಹಾಡತಕ್ಕುದೆಂದು 2022ರಲ್ಲಿ ಸರಕಾರ ಆಜ್ಞೆ ಹೊರಡಿಸಿತು. ಸಿ. ಅಶ್ವತ್ಥರ ಧಾಟಿಯನ್ನು ತಮ್ಮ ಶಾಲೆಯ ದಿನಗಳಲ್ಲಿ ಕಲಿತ ತಂದೆಯೊಬ್ಬರು, ‘ಮಿಸ್ ತಪ್ಪು ಹೇಳಿಕೊಡುತ್ತಿದ್ದಾರೆ’ ಎಂದು ಮಗುವನ್ನು ಮನೆಯಲ್ಲಿ ತಿದ್ದಬಹುದು. ಆಜ್ಞೆಯ ಸಂಗತಿಯನ್ನು ಒಂದು ಸಾಲಿನಲ್ಲಿ ತಿಳಿಸಿದರೆ ಮುಗಿಯಿತು.

ತಂದೆತಾಯಿಗಳೊಡನೆ ಆಡಲು ಅತ್ಯಂತ ನಾಜೂಕಾದ, ಮತ್ತು ಬಹುಮಂದಿ ಅಧ್ಯಾಪಕರು ಆಡದೆಯೇ ಬಿಡುವ ಮಾತು ಯಾವುದೆಂದರೆ, ಹುಡುಗರ ಕಂಠ ಒಡೆಯುವುದರ ಮಾತು. ಐದನೆಯ ತರಗತಿಯಲ್ಲಿ ಶಾಲೆಗೆಲ್ಲ ಹೆಮ್ಮೆಯಾಗಿದ್ದ ಹುಡುಗನೊಬ್ಬ ಎಂಟನೆಯ ತರಗತಿಗೆ ಬರುವ ವೇಳೆಗೆ, ಮೇಲಿನ ಷಡ್ಜಕ್ಕೆ ಹೊರಟವನು ನಡುದಾರಿಯಲ್ಲಿ ದನಿ ಮುರಿದು, ಒಂದು ಸ್ವರ ಹೆಂಗಸಿನದಾಗಿಯೂ ಮರುಸ್ವರ ಗಂಡಸಿನದಾಗಿಯೂ ಹೊರಟು, ಜೊತೆಗಾರರ ನಗೆಗೆ ಈಡಾಗುತ್ತಾನೆ. ಮನೆಯವರಿಗೆ ಗಾಬರಿ. ದೃಷ್ಟಿ ತಗುಲಿತೆಂದು ನಿವಾಳಿಸುವವರುಂಟು. ಐಸ್‌ಕ್ರೀಮಿನಿಂದ ಗಂಟಲು ಕೆಟ್ಟಿತೆನ್ನುವವರುಂಟು. ಹೊಸ ಮಿಸ್ಸು ಕಿರಿಚಿಸಿ ಕೆಡಿಸಿದರೆನ್ನುವವರೂ ಉಂಟು. ನಿಜಸ್ಥಿತಿ ಸರಳವಾದುದು. ಸಾಮಾನ್ಯವಾಗಿ ಹನ್ನೆರಡರಿಂದ ಹದಿನೈದು ವರ್ಷಗಳ ನಡುವೆ, ದೇಹದಲ್ಲಿ ಉಂಟಾಗುವ ಬದಲಾವಣೆಗಳ ಫಲವಾಗಿ, ಹುಡುಗರ ಧ್ವನಿಪೆಟ್ಟಿಗೆ ದೊಡ್ಡದಾಗಿ ಕೊರಳಿನಲ್ಲಿ ಹೊರಚಾಚುತ್ತದೆ. ಒಳಗಿನ ಧ್ವನಿತಂತುಗಳು ಉದ್ದವಾಗಿ, ದಪ್ಪವಾಗಿ ಬೆಳೆಯುತ್ತವೆ. ಸೆಕೆಂಡಿಗೆ ಸುಮಾರು 250 ಸಲ ಕಂಪಿಸುತ್ತಿದ್ದವು ಮಾತನಾಡುವಾಗ ಸುಮಾರು 120 ಸಲ ಮಾತ್ರ ಕಂಪಿಸತೊಡಗುತ್ತವೆ. ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ ಹುಡುಗನ ದನಿ ಹೆಚ್ಚುಕಡಮೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಐದು, ಐದೂವರೆ ಮನೆಯ ಶ್ರುತಿಯಲ್ಲಿ ತಾಯಿಯ ಜೊತೆ ಹಾಡುತ್ತಿದ್ದವನು ಒಂದು, ಒಂದೂವರೆ ಮನೆಯಲ್ಲಿ ತಂದೆಯ ನೆರೆಗೆ ಬರುತ್ತಾನೆ. ಹುಡುಗಿಯರಲ್ಲಿಯೂ ದನಿ ಇಳಿಯುತ್ತದೆ. ಎರಡು ಮೂರು ಸ್ವರಸ್ಥಾನಗಳಷ್ಟು ಮಾತ್ರವಾದುದರಿಂದ ಯಾರ ಗಮನಕ್ಕೂ ಬರುವುದಿಲ್ಲ, ಕೆಲವು ತಿಂಗಳು ದನಿ ಸ್ವಲ್ಪ ಉಸಿರುಗೂಡಿದಂತೆ ಕೇಳಿಸುವುದನ್ನುಳಿದು.

ಇದನ್ನು ಏಳನೆಯ ತರಗತಿಯ ಹುಡುಗರ ಮನೆಯವರಿಗೆ, ಬದಲಾವಣೆ ತಲೆದೋರುವುದಕ್ಕೆ ಮುನ್ನವೇ, ತಿಳಿಸಿಬಿಡಬೇಕು. ಕಂಠ ಕೆಟ್ಟಿಲ್ಲ, ಬೆಳೆಯುತ್ತಿದೆ. ಕೆಲವರಿಗೆ ಕೆಲವೇ ತಿಂಗಳುಗಳಲ್ಲಿ, ಕೆಲವರಿಗೆ ಒಂದೆರಡು ವರ್ಷಗಳಲ್ಲಿ ನೆಲೆಗೊಳ್ಳುವುದು. ಅಲ್ಲಿಯವರೆಗೆ ಹುಡುಗ ಹಾಡುವುದನ್ನು ಪೂರ್ತಿಯಾಗಿ ನಿಲ್ಲಿಸಬೇಕಾಗಿಲ್ಲ, ಎಟುಕದ ಸ್ವರಕ್ಕೆ ಬಲವಂತ ಮಾಡಬಾರದು, ಅಷ್ಟೆ. ಸಮೂಹಗಾನದ ದೊಡ್ಡ ಉಪಕಾರ ಕಾಣುವುದೂ ಇಲ್ಲಿಯೇ: ಒಬ್ಬನೇ ಹಾಡಬೇಕಾದ ಸ್ಪರ್ಧೆಯಿಂದ ಅನಿವಾರ್ಯವಾಗಿ ಹಿಂದೆ ಸರಿದ ಹುಡುಗನಿಗೆ ವೃಂದದಲ್ಲಿ, ಕೆಳಗಿನ ಸ್ಥಾಯಿಯಲ್ಲಿ ಮೂರೇ ಸ್ವರಗಳ ಒಂದು ಎಳೆಯನ್ನು ಕೊಟ್ಟು ಉಳಿಸಿಕೊಳ್ಳಬಹುದು. ‘ನಿಮ್ಮ ಮಗನಿಗೆ ಈ ವರ್ಷ ಆಧಾರದ ಎಳೆಯನ್ನು ಕೊಟ್ಟಿದ್ದೇನೆ’ ಎಂದು ತಂದೆಗೆ ಹೇಳುವುದಕ್ಕೂ, ‘ಅವನ ದನಿ ಹೋಯಿತು, ಹಿಂದಿನ ಸಾಲಿಗೆ ಹಾಕಿದ್ದೇನೆ’ ಎಂದು ಹೇಳುವುದಕ್ಕೂ ಸಂಗತಿಯಲ್ಲಿ ಭೇದವಿಲ್ಲ. ಹುಡುಗ ಮುಂದಿನ ವರ್ಷ ಬರುವನೋ ಇಲ್ಲವೋ ಎಂಬುದರಲ್ಲಿ ಭೇದವುಂಟು. ಹಾಗೆಯೇ, ‘ನಿನಗೆ ಶ್ರುತಿ ಸೇರದು, ಬಾಯಾಡಿಸುತ್ತ ನಿಲ್ಲು’ ಎಂದು ಮಗುವಿಗೆ ಹೇಳುವ ಹಳೆಯ ಪದ್ಧತಿಯೊಂದು ಶಾಲೆಗಳಲ್ಲಿತ್ತು, ಈಗಲೂ ಇದೆ. ಐವತ್ತು ವರ್ಷದ ಗಂಡಸರು ಆ ಮಾತನ್ನು ನೆನೆದು ಇಂದಿಗೂ ಭಜನೆಯಲ್ಲಿ ಬಾಯಿ ತೆರೆಯದಿರುವುದನ್ನು ನಾನು ಕಂಡಿದ್ದೇನೆ.

ಸ್ಪರ್ಧೆಗಳ ವಿಷಯದಲ್ಲಿ ಹೆಚ್ಚು ಹೇಳಲಾರೆ. ಪ್ರತಿಭಾ ಕಾರಂಜಿ ಬಂದಾಗ ಕ್ಲಸ್ಟರ್ ಮಟ್ಟದಿಂದ ತಾಲ್ಲೂಕು, ತಾಲ್ಲೂಕಿನಿಂದ ಶಿವಮೊಗ್ಗೆ ಎಂಬ ಮೆಟ್ಟಿಲುಗಳನ್ನು ಎಲ್ಲರೂ ಬಲ್ಲರು. ಆರೇಳು ಮಕ್ಕಳು ಬೇಕಾದೆಡೆಗೆ ನಲವತ್ತು ಮಂದಿಯಲ್ಲಿ ಯಾರನ್ನು, ಯಾವ ಕಾರಣದಿಂದ ಆರಿಸಲಾಯಿತೆಂಬುದನ್ನು ಪಟ್ಟಿ ಅಂಟಿಸುವ ಮುನ್ನ ಹೇಳಿದರೆ ಸಾಕು, ಅಂಟಿಸಿದ ಮೇಲೆ ಹೇಳಿದುದು ಯಾರ ಕಿವಿಗೂ ಬೀಳದು. ವಾಟ್ಸ್ಯಾಪಿನ ಗುಂಪೂ ಅಷ್ಟೆ: ದಿನ, ಹೊತ್ತು, ಸ್ಥಳಗಳನ್ನು ತಿಳಿಸುವುದಕ್ಕೆ ಅದು ದಿವ್ಯಸಾಧನ, ಒಂದು ಮಗುವಿನ ವಿಷಯವನ್ನು ನಲವತ್ತು ಮನೆಗಳ ಮುಂದೆ ಚರ್ಚಿಸುವುದಕ್ಕೆ ಅಷ್ಟೇ ಅಪಾಯಕರವಾದ ಸಾಧನ. ಮಕ್ಕಳ ಹಾಡಿನ ಚಿತ್ರಗಳನ್ನು ಅಂತರ್ಜಾಲಕ್ಕೆ ಏರಿಸುವ ಮೊದಲು ಮನೆಯವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ಹದಿನೆಂಟು ತುಂಬದವರ ವೈಯಕ್ತಿಕ ದತ್ತಾಂಶಕ್ಕೆ ಪೋಷಕರ ಸಮ್ಮತಿ ಬೇಕೆಂಬ ನಿಯಮವನ್ನು 2023ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯೂ ಹಾಕಿದೆ. ಸಿಟ್ಟಾಗಿ ಬಂದ ತಂದೆಯೊಡನೆ ಗೇಟಿನ ಬಳಿ ಮಕ್ಕಳೆದುರಿಗೆ ಮಾತು ಬೆಳೆಸದೆ, ಕೊಠಡಿಗೆ ಕರೆದು, ಕೂರಿಸಿ, ನೀರು ಕೊಟ್ಟು, ಅವರ ಮಾತು ಮುಗಿಯುವವರೆಗೆ ಬಾಯಿ ತೆರೆಯದಿರುವುದು ಕಾರ್ಖಾನೆಯ ಊರಿನಲ್ಲಿ ಎಲ್ಲರೂ ಮೆಚ್ಚುವ ನಡತೆ. ರಾತ್ರಿ ಶಿಫ್ಟು ಮುಗಿಸಿ ನಿದ್ದೆಗೆಟ್ಟು ಬಂದವರ ಮೊದಲ ಹತ್ತು ವಾಕ್ಯಗಳನ್ನು ಲೆಕ್ಕಕ್ಕೆ ಹಿಡಿಯಬಾರದು.

ಕೊನೆಯ ತೊಡಕು ಹತ್ತನೆಯ ತರಗತಿಯದು. ದಸರೆಯ ರಜೆ ಮುಗಿದು ಶಾಲೆ ತೆರೆದ ದಿನವೇ ತಾಯಿಯೋ ತಂದೆಯೋ ಬಂದು, ‘ಈ ವರ್ಷ ಎಸ್ಸೆಸ್ಸೆಲ್ಸಿ ಮಿಸ್, ಹಾಡು ಗೀಡು ಎಲ್ಲಾ ಬಿಡಿಸ್ಬೇಕು ಅಂತಿದೀವಿ’ ಎಂದು ಹೇಳುವರು. ಈ ಸಂದರ್ಭದಲ್ಲಿ ಎಷ್ಟೋ ಮಂದಿ ಅಧ್ಯಾಪಕರು, ಸಂಗೀತದಿಂದ ಬುದ್ಧಿ ಚುರುಕಾಗುತ್ತದೆ, ಗಣಿತದ ಅಂಕ ಏರುತ್ತದೆ ಎಂದು ವಾದ ಹೂಡುತ್ತಾರೆ. ಆ ಮಾತಿನ ಮೂಲಗಳಲ್ಲಿ ಒಂದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ಸಣ್ಣ ಪ್ರಯೋಗ. ಅದರಲ್ಲಿ ಪರೀಕ್ಷೆಗೊಳಗಾದವರು 36 ಮಂದಿ ಕಾಲೇಜು ವಿದ್ಯಾರ್ಥಿಗಳು, ಅವರು ಮಾಡಿದ್ದು ಮೊಜಾರ್ಟನ ಕೃತಿಯೊಂದನ್ನು ಹತ್ತು ನಿಮಿಷ ಕೇಳಿದ್ದು, ದೊರೆತ ಲಾಭ ಕಾಲುಗಂಟೆಯೊಳಗೆ ಮಾಯವಾದುದು. ಮುಂದಿನ ಹಲವು ಪರೀಕ್ಷಕರಿಗೆ ಆ ಲಾಭವೂ ಕಾಣಿಸಲಿಲ್ಲ. ಅಂಕದ ಆಸೆ ತೋರಿಸಿ ಉಳಿಸಿಕೊಂಡ ಮಗುವನ್ನು ಅಂಕ ಕಡಮೆಯಾದ ಕೂಡಲೆ ಮನೆಯವರು ಹಾಡಿನಿಂದಲೇ ಕೆಟ್ಟಿತೆಂದು ಬಿಡಿಸಿಕೊಂಡು ಹೋಗುವರು; ಆ ತಕ್ಕಡಿಗೆ ಸಂಗೀತವನ್ನು ಏರಿಸಲೇ ಬಾರದೆಂಬುದು ನನ್ನ ದೃಢವಾದ ಮತ. ಉಪಾಧ್ಯಾಯಿನಿ ಹೇಳಬಹುದಾದುದು ಇಷ್ಟೆ: ರಾಜ್ಯೋತ್ಸವದವರೆಗೆ ಇರಲಿ, ಆಮೇಲೆ ವಾರಕ್ಕೆ ಒಂದೇ ಅವಧಿ, ಅದೂ ಶಾಲೆಯ ಹೊತ್ತಿನಲ್ಲಿಯೇ, ಜನವರಿಯಿಂದ ಪೂರ್ತಿ ಬಿಡುವು. ಇಷ್ಟಕ್ಕೂ ಮನೆಯವರು ಒಪ್ಪದಿದ್ದರೆ ವಾದಿಸದೆ ಬೀಳ್ಕೊಡುವುದು, ಹುಡುಗಿಯ ಹಾಡಿನ ಪುಸ್ತಕವನ್ನು ಆಕೆಯ ಕೈಯಲ್ಲಿಯೇ ಉಳಿಯಗೊಡುವುದು, ಮತ್ತು ಏಪ್ರಿಲಿನಲ್ಲಿ ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಬೇಸಿಗೆಯ ರಜೆಯಲ್ಲಿ ಹಳೆಯ ವಿದ್ಯಾರ್ಥಿಗಳೂ ಸೇರಿ ಹಾಡುವ ಒಂದು ಸಂಜೆಗೆ ಬರಬಹುದೆಂದು ಆ ತಾಯಿಗೂ ಒಂದು ಚೀಟಿಯನ್ನು ಕಳುಹಿಸುವುದು.